ಸಮಾಜಶಾಸ್ತ್ರದವರಿಗೆ ಜೊತೆಗಾರರು ಎಲ್ಲಿ ಸಿಗುತ್ತಾರೆ?

(ವಿಜಯಪುರದಲ್ಲಿ ಪದವಿ ಕಾಲೇಜುಗಳ ಸಮಾಜಶಾಸ್ತ್ರ ಅಧ್ಯಾಪಕರಿಗಾಗಿ ನಡೆದ ಕಾರ್ಯಾಗಾರದಲ್ಲಿ ನಿವೃತ್ತ ಅಧ್ಯಾಪಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ನನಗೆ ಕೊಟ್ಟ ವಿಷಯದಲ್ಲಿ ಎರಡು ಭಾಗ ಇವೆ. ಸಮಾಜಶಾಸ್ತ್ರ ಕಲಿಸುವುದು ಹೇಗೆ ಅನ್ನುವುದು ಒಂದು. ಕಾಲೇಜಿನ ಬದುಕಿನಲ್ಲಿ ಬೆಂಬಲಕ್ಕೆ ನಿಲ್ಲುವವರನ್ನು ಹುಡುಕಿಕೊಳ್ಳುವುದು ಹೇಗೆ ಅನ್ನುವುದು ಇನ್ನೊಂದು. ಸಂಘಟಕರು ಎರಡಕ್ಕೂ ಅರ್ಧರ್ಧ ತಾಸು ಕೊಡಿ ಅಂದಿದ್ದರು. ನಾನು ಹಾಗೆ ಹಂಚಿಕೊಂಡು ಮಾತಾಡುವುದಿಲ್ಲ. ನಮ್ಮ ವಿಷಯವನ್ನು ಸರಿಯಾಗಿ ಕಲಿಸಲು ಹೊರಟರೆ ಒಂದಲ್ಲ ಒಂದು ದಿನ ಯಾರಾದರೂ ನಿಮ್ಮ ಮೇಲೆ ಸಿಟ್ಟಾಗುತ್ತಾರೆ. ಆ ದಿನ ನಿಮ್ಮ ಪಕ್ಕ ಯಾರು ನಿಂತರು ಅನ್ನುವುದನ್ನು ನೋಡಿಕೊಂಡೇ ಮರುದಿನ ಕ್ಲಾಸಿನಲ್ಲಿ ಏನು ಹೇಳಬೇಕು, ಏನು ಬಿಡಬೇಕು ಅಂತ ನೀವು ತೀರ್ಮಾನ ಮಾಡುತ್ತೀರಿ. ಯಾರಿಗೂ ಸಿಟ್ಟು ಬರದಂತೆ ಕಲಿಸಲೂಬಹುದು. ನೋಟ್ಸ್ ಹೇಳಿ ಬರೆಸಿದರೆ ಮುಗೀತು.

ರಸಾಯನಶಾಸ್ತ್ರದವರು ಲ್ಯಾಬಿನಲ್ಲಿ ಉಪ್ಪನ್ನು ಪರೀಕ್ಷೆ ಮಾಡಿಸುತ್ತಾರೆ. ಆ ಉಪ್ಪು ಮನೆಗೆ ಹೋಗಿ ಅಪ್ಪನ ಮುಂದೆ ದೂರು ಹೇಳುವುದಿಲ್ಲ. ನಾವು ಜಾತಿ, ಮದುವೆ, ಕುಟುಂಬ, ವಲಸೆ ಅಂತ ಬೋರ್ಡಿನ ಮೇಲೆ ಬರೆದ ತಕ್ಷಣ ಅದೆಲ್ಲ ಎದುರಿನ ಬೆಂಚಿನಲ್ಲೇ ಕೂತಿರುತ್ತದೆ. ಯಾರ ಮನೆ ಯಾವ ಓಣಿಯಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಮೇಲಾಗಿ ನಮ್ಮ ಕಡೆಯ ಬಹಳ ಕಾಲೇಜುಗಳಲ್ಲಿ ಇತಿಹಾಸ, ಅರ್ಥಶಾಸ್ತ್ರದ ಜೊತೆ ಸಮಾಜಶಾಸ್ತ್ರ ಇರುತ್ತದೆ, ಆದರೆ ಸಮಾಜಶಾಸ್ತ್ರದವರು ಒಬ್ಬರೇ ಇರುತ್ತಾರೆ. ವಿಭಾಗ ಅಂದರೆ ಒಂದು ಕಪಾಟು, ಒಂದು ಕುರ್ಚಿ. ವಿಭಾಗದ ಮುಖ್ಯಸ್ಥರೂ ಅವರೇ, ಸಿಬ್ಬಂದಿಯೂ ಅವರೇ. ನಗ್ತಿದ್ದೀರಿ, ಅಂದರೆ ನಿಮ್ಮಲ್ಲೂ ಅದೇ ಕಥೆ ಅಲ್ವಾ?

ಜಾತಿಯ ಪಾಠದಿಂದಲೇ ಶುರು ಮಾಡೋಣ. ಸಮಾಜಶಾಸ್ತ್ರಜ್ಞ ಘುರ್ಯೆ ಅವರು 1932ರ ಪುಸ್ತಕದಲ್ಲಿ ಜಾತಿಯ ಆರು ಲಕ್ಷಣ ಕೊಟ್ಟಿದ್ದಾರೆ. ನಮ್ಮ ವಿದ್ಯಾರ್ಥಿಗಳಿಗೆ ಅವು ಬಾಯಿಪಾಠ. ನಡುರಾತ್ರಿ ಎಬ್ಬಿಸಿ ಕೇಳಿದರೂ ಊಟ-ಉಪಚಾರದ ನಿರ್ಬಂಧ, ಮದುವೆಯ ನಿರ್ಬಂಧ ಅಂತ ಸಾಲಾಗಿ ಹೇಳುತ್ತಾರೆ. ಆದರೆ ತಮ್ಮೂರಿನ ಚಹಾದಂಗಡಿಗೂ ಈ ಪಟ್ಟಿಗೂ ಏನಾದರೂ ಸಂಬಂಧ ಇದೆಯಾ ಅಂತ ಕೇಳಿದರೆ ತಲೆ ತಗ್ಗಿಸುತ್ತಾರೆ. ನಾನು ಒಂದು ಕೆಲಸ ಮಾಡಿಸುತ್ತಿದ್ದೆ. ಊರಿನ ನಕ್ಷೆ ಬರೆಯಿರಿ ಅನ್ನುತ್ತಿದ್ದೆ. ಅಗಸಿ ಎಲ್ಲಿ, ಗುಡಿ ಎಲ್ಲಿ, ದರ್ಗಾ ಎಲ್ಲಿ, ಕುಡಿಯುವ ನೀರಿನ ಟಾಕಿ ಎಲ್ಲಿ, ತಾಂಡಾ ಎಷ್ಟು ದೂರ, ಮಳೆಗಾಲದಲ್ಲಿ ಯಾವ ಓಣಿಯಲ್ಲಿ ನೀರು ನಿಲ್ಲುತ್ತದೆ. ಜಾತಿಯ ಹೆಸರು ಒಂದೂ ಬರೆಯಬಾರದು. ನಕ್ಷೆ ಮುಗಿಯುವ ಹೊತ್ತಿಗೆ ಘುರ್ಯೆ ಅವರ ಅರ್ಧ ಪಟ್ಟಿ ಹಾಳೆಯ ಮೇಲೆ ತಾನಾಗಿ ಬಂದಿರುತ್ತದೆ.

ಇದರಲ್ಲಿ ಒಂದು ಎಚ್ಚರಿಕೆ ಬೇಕು. ಬರೆದವರೇ ಎದ್ದು ನಿಂತು ತಮ್ಮ ನಕ್ಷೆ ವಿವರಿಸುವಂತೆ ಮಾಡಬೇಡಿ. ನಕ್ಷೆಗಳನ್ನು ಕಲಸಿ ಹಂಚಿ. ಇಂಡಿ ತಾಲ್ಲೂಕಿನ ಹುಡುಗ ಸಿಂದಗಿಯ ಊರನ್ನು ಓದಲಿ, ಮುದ್ದೇಬಿಹಾಳದ ಹುಡುಗಿ ಬಬಲೇಶ್ವರದ ಊರನ್ನು ಓದಲಿ. ಕೇರಿಯಿಂದ ಬಂದ ವಿದ್ಯಾರ್ಥಿಯನ್ನು ಪಾಠದ ಉದಾಹರಣೆ ಮಾಡಿ ಎಲ್ಲರ ಮುಂದೆ ನಿಲ್ಲಿಸುವ ಹಕ್ಕು ನಮಗಿಲ್ಲ.

ಕುಟುಂಬ ಮತ್ತು ರಕ್ತಸಂಬಂಧದ ಪಾಠಕ್ಕೆ ಬೆಳಗಾವಿಯಷ್ಟು ಒಳ್ಳೆಯ ಕ್ಲಾಸ್‌ರೂಮ್ ಇನ್ನೊಂದಿಲ್ಲ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯನ್ನು ನಾಲ್ಕು ವಲಯಗಳಾಗಿ ಮಾಡಿ ತೋರಿಸಿದರು. ಮಹಾರಾಷ್ಟ್ರ ಅವರ ಮಧ್ಯ ವಲಯದಲ್ಲಿ ಬರುತ್ತದೆ, ಕರ್ನಾಟಕ ದಕ್ಷಿಣ ವಲಯದಲ್ಲಿ. ಬೆಳಗಾವಿಯ ಕಾಲೇಜಿನಲ್ಲಿ ಈ ಎರಡು ವಲಯ ಒಂದೇ ಬೆಂಚಿನಲ್ಲಿ ಟಿಫಿನ್ ಡಬ್ಬಿ ಹಂಚಿಕೊಂಡು ಕೂತಿರುತ್ತವೆ. ಅಕ್ಕನ ಮಗಳನ್ನು ಮದುವೆಯಾಗುವುದು ಕನ್ನಡದ ಹುಡುಗಿಗೆ ಕೇಳಿ ಗೊತ್ತಿರುವ ಸಂಗತಿ. ಪಕ್ಕದ ಮರಾಠಿ ಹುಡುಗಿ ಅದನ್ನು ಕೇಳಿ ಕಣ್ಣರಳಿಸುತ್ತಾಳೆ. ಸೋದರಮಾವನ ಮಗಳ ಜೊತೆ ಮದುವೆ ಅಂದರೆ ಇಬ್ಬರಿಗೂ ಒಪ್ಪಿಗೆ. ಸೋದರತ್ತೆಯ ಮಗಳು ಅಂದಾಗ ಮತ್ತೆ ವಾದ ಶುರು. ಭಾಷೆಯ ಜಗಳಕ್ಕೆ ಹೆಸರಾದ ಊರಿನಲ್ಲಿ ಮಕ್ಕಳು ಅತ್ತೆ-ಮಾವಂದಿರ ಬಗ್ಗೆ ವಾದ ಮಾಡುತ್ತಾ ಒಂದು ತಾಸು ಕಳೆಯುವುದನ್ನು ನೋಡಬೇಕು ನೀವು.

ಕರ್ವೆ ಅವರದೇ ಇನ್ನೊಂದು ಬರಹ ಇದೆ. ಪಂಢರಪುರದ ವಾರಿಯಲ್ಲಿ, ಅಂದರೆ ಕಾಲ್ನಡಿಗೆಯ ಯಾತ್ರೆಯಲ್ಲಿ, ದಿಂಡಿ ಅನ್ನುವ ಭಕ್ತರ ಗುಂಪಿನ ಜೊತೆ ನಡೆದು ಹೋದಾಗ ಕಂಡದ್ದನ್ನು ಬರೆದದ್ದು. ಒಟ್ಟಿಗೆ ಅಭಂಗ ಹಾಡುತ್ತಾ ನಡೆಯುವವರು ಒಲೆ ಹೊತ್ತಿಸುವಾಗ ಬೇರೆ ಬೇರೆಯಾಗುವುದು ಅವರ ಕಣ್ಣಿಗೆ ಬಿತ್ತು. ನಮ್ಮ ಎಷ್ಟೋ ವಿದ್ಯಾರ್ಥಿಗಳ ಮನೆಯಿಂದ ಅಜ್ಜ-ಅಜ್ಜಿ ಪಂಢರಪುರಕ್ಕೆ ಹೋಗುತ್ತಾರೆ. ಈ ಬರಹವನ್ನು ಕ್ಲಾಸಿನಲ್ಲಿ ಓದಿ ಹೇಳಿ. ಮಕ್ಕಳು ಮನೆಗೆ ಹೋಗಿ ಅಜ್ಜಿಯನ್ನು ಕೇಳುತ್ತಾರೆ. ಅಜ್ಜಿ ಏನು ಹೇಳಿದರು ಅನ್ನುವುದು ಮರುದಿನದ ಪಾಠ.

ವಂಶವೃಕ್ಷ ಬರೆಸುವ ಅಭ್ಯಾಸ ಎಷ್ಟು ಜನರಿಗಿದೆ? ದಯವಿಟ್ಟು ಬಿಟ್ಟುಬಿಡಿ. ನಾವೇ ಒಂದು ಕಾಲ್ಪನಿಕ ಕುಟುಂಬ ಕಟ್ಟಿಕೊಟ್ಟು ಅದರ ಮೇಲೆ ಅಭ್ಯಾಸ ಮಾಡಿಸಿದರೆ ಸಾಕು. ಕಾರಣ ನಿಮಗೇ ಗೊತ್ತು. ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ 1982ರದು. ಕಾಯ್ದೆ ಬಂದು ಇಷ್ಟು ವರ್ಷವಾದರೂ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಅಪ್ಪನ ಹೆಸರಿನ ಜಾಗ ಬಂದಾಗ ಪೆನ್ನು ನಿಲ್ಲಿಸುವ ಮಕ್ಕಳಿದ್ದಾರೆ. ನನ್ನ ಕಾಲೇಜಿನಲ್ಲಿ ಇದನ್ನು ಮೊದಲು ಗಮನಿಸಿದ್ದು ಅಡ್ಮಿಷನ್ ಟೇಬಲ್ಲಿನ ಕ್ಲರ್ಕ್. ನಾನಲ್ಲ, ನನ್ನಂಥ ಇನ್ನೊಬ್ಬ ಅಧ್ಯಾಪಕರೂ ಅಲ್ಲ. ಅವರು ಫಾರ್ಮು ಪಕ್ಕಕ್ಕಿಟ್ಟು, "ಆಮೇಲೆ ಬಾರವ್ವ, ಗದ್ದಲ ಕಡಿಮೆ ಆದ ಮೇಲೆ ತುಂಬೋಣ" ಅನ್ನುತ್ತಿದ್ದರು. ಸಾಲಿನಲ್ಲಿ ನಿಂತವರ ಮುಂದೆ ಯಾರನ್ನೂ ಗಟ್ಟಿಯಾಗಿ ಏನೂ ಕೇಳುತ್ತಿರಲಿಲ್ಲ. ನಾನು ಲಿಂಗ ಮತ್ತು ಸಮಾಜದ ಪಾಠವನ್ನು ಆ ಕ್ಲರ್ಕ್ ಹತ್ತಿರ ಕೂತು ಚರ್ಚೆ ಮಾಡಿಯೇ ತಯಾರು ಮಾಡುತ್ತಿದ್ದೆ. ಯಾವ ಮಾತು ನೋಯಿಸುತ್ತದೆ, ಯಾವುದು ನೋಯಿಸುವುದಿಲ್ಲ ಅಂತ ಅವರಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ಬೆಂಬಲಿಗರನ್ನು ಸ್ಟಾಫ್‌ರೂಮಿನಲ್ಲಿ ಮಾತ್ರ ಹುಡುಕಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಬಾಗಲಕೋಟೆಯವರು ಯಾರಾದರೂ ಬಂದಿದ್ದೀರಾ? ನಿಮ್ಮ ಊರಿನಲ್ಲಿ ಸಾಮಾಜಿಕ ಒಗ್ಗಟ್ಟಿನ ಬಗ್ಗೆ ಬರೆದ ಫ್ರೆಂಚ್ ಸಮಾಜಶಾಸ್ತ್ರಜ್ಞ ದುರ್ಖೈಮ್ ಅವರನ್ನು ಕಲಿಸಲು ಪುಸ್ತಕ ಬೇಕಿಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಆಮೇಲೆ ನೀರು ಬಂತು, ಹಳೇ ಬಾಗಲಕೋಟೆಯ ಓಣಿಗಳಿಂದ ಜನ ಎದ್ದು ನವನಗರದ ಸೆಕ್ಟರುಗಳಿಗೆ ಹೋದರು. ಮುಳುಗಡೆಯಾದ ಊರುಗಳ ಮೊಮ್ಮಕ್ಕಳು ಈಗ ನಿಮ್ಮ ಕ್ಲಾಸಿನಲ್ಲಿದ್ದಾರೆ. ಹಳೇ ಮನೆಯಲ್ಲಿ ಎಡಕ್ಕೆ ಯಾರಿದ್ದರು, ಬಲಕ್ಕೆ ಯಾರಿದ್ದರು, ಈಗ ಯಾರಿದ್ದಾರೆ, ಮನೆಯಲ್ಲಿ ಸಾವಾದರೆ ಆಗ ಮೊದಲು ಯಾರು ಓಡಿ ಬರುತ್ತಿದ್ದರು, ಈಗ ಯಾರು ಬರುತ್ತಾರೆ. ಮನೆಯ ಹಿರಿಯರನ್ನು ಇಷ್ಟು ಕೇಳಿ ಬರೆದುಕೊಂಡು ಬನ್ನಿ ಅನ್ನಿ. ಸಾಮಾಜಿಕ ಒಗ್ಗಟ್ಟು ಅಂದರೆ ಏನು ಅಂತ ನೀವು ಆಮೇಲೆ ಎರಡು ಮಾತು ಸೇರಿಸಿದರೆ ಸಾಕು. ಪರಿಹಾರದ ಚೆಕ್ಕಿನ ಬಗ್ಗೆ ಕೇಳಿಸಬೇಡಿ. ಅಲ್ಲಿಗೆ ಹೋದರೆ ಅಣ್ಣತಮ್ಮಂದಿರ ಜಗಳ ಮನೆಯಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ.

ಈಗ ಗುಳೇ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಕಬ್ಬಿನ ಕಾರ್ಖಾನೆಗಳು ಅಕ್ಟೋಬರ್-ನವೆಂಬರ್ ಹೊತ್ತಿಗೆ ಶುರುವಾಗುತ್ತವೆ. ಕಡಿಯುವ ಗ್ಯಾಂಗುಗಳು ತಾಂಡಾಗಳಿಂದ ಹೊರಡುತ್ತವೆ. ಬೆಳಗಾವಿ, ಬಾಗಲಕೋಟೆ ಕಡೆ ಕೆಲವರು, ಮಹಾರಾಷ್ಟ್ರಕ್ಕೆ ಕೆಲವರು. ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗುವವರು ಬೇರೆ. ಅಪ್ಪ-ಅವ್ವನ ಜೊತೆ ಡಿಗ್ರಿ ಓದುವ ಹುಡುಗರೂ ಹೋಗುತ್ತಾರೆ. ಸೆಮಿಸ್ಟರ್ ಕೊನೆಗೆ ಹಾಜರಾತಿ ಲೆಕ್ಕ ಹಾಕಿದಾಗ ಶೇಕಡಾ 75 ಆಗಿರುವುದಿಲ್ಲ. ಹಾಲ್ ಟಿಕೆಟ್ ತಡೆಯಬೇಕಾ ಬೇಡವಾ ಅಂತ ಮೀಟಿಂಗ್ ಕರೆಯುತ್ತಾರೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಹೇಳಿದ್ದನ್ನು ನಾವೆಲ್ಲ ಮೊದಲ ಸೆಮಿಸ್ಟರಿನಲ್ಲಿ ಕಲಿಸುತ್ತೇವೆ. ಒಬ್ಬ ಮನುಷ್ಯನ ಕಷ್ಟ ಬೇರೆ, ಸಮಾಜದ ಸಮಸ್ಯೆ ಬೇರೆ. ಒಬ್ಬನಿಗೆ ಕೆಲಸ ಇಲ್ಲದಿದ್ದರೆ ಅವನ ಗುಣ, ಅವನ ಕಸುಬು ನೋಡಬಹುದು. ಲಕ್ಷಾಂತರ ಜನರಿಗೆ ಕೆಲಸ ಇಲ್ಲದಿದ್ದರೆ ವ್ಯವಸ್ಥೆಯನ್ನು ನೋಡಬೇಕು. ಇದನ್ನು ಬೆಳಿಗ್ಗೆ ಹತ್ತಕ್ಕೆ ಬೋರ್ಡಿನ ಮೇಲೆ ಬರೆಯುತ್ತೇವೆ. ಮಧ್ಯಾಹ್ನ ಮೂರಕ್ಕೆ ಮೀಟಿಂಗಿನಲ್ಲಿ ಕೂತು, "ಈ ಹುಡುಗರಿಗೆ ಶಿಸ್ತಿಲ್ರಿ ಸರ್" ಅನ್ನುವ ಮಾತಿಗೆ ತಲೆಯಾಡಿಸುತ್ತೇವೆ. ಒಬ್ಬ ಹುಡುಗ ಬರದಿದ್ದರೆ ಶಿಸ್ತಿನ ಮಾತು ಆಡೋಣ. ಒಂದೇ ತಾಂಡಾದ ಎಲ್ಲರೂ ಒಂದೇ ತಿಂಗಳಿಂದ ಬರುತ್ತಿಲ್ಲ ಅಂದರೆ?

ಅಂಥದೊಂದು ಮೀಟಿಂಗಿನಲ್ಲಿ ನಾನು ಇದನ್ನು ಹೇಳಿದೆ. ಸುಮ್ನೆ ಭಾಷಣ ಅಂತ ತಳ್ಳಿಹಾಕಿದರು. ಆಗ ಬಾಯಿ ಬಿಟ್ಟವರು ನಮ್ಮ ಪಿ.ಡಿ. ಸರ್, ದೈಹಿಕ ಶಿಕ್ಷಣದವರು. ಆ ತನಕ ನನಗೂ ಅವರಿಗೂ ನಮಸ್ಕಾರ ಬಿಟ್ಟರೆ ಬೇರೆ ಮಾತಿರಲಿಲ್ಲ. "ನನ್ನ ಕಬಡ್ಡಿ ಟೀಮಿನ ಅರ್ಧ ಹುಡುಗರು ಕಬ್ಬು ಕಡೀಲಿಕ್ಕೆ ಹೋಗ್ಯಾರ್ರಿ. ಯಾವ ಫ್ಯಾಕ್ಟರಿ, ಯಾವ ಗ್ಯಾಂಗ್, ಎಂದು ಬರ್ತಾರ ಎಲ್ಲಾ ನನ್ನ ಹತ್ರ ಅದ" ಅಂದರು. ಕಿಸೆಯಿಂದ ಸಣ್ಣ ಡೈರಿ ತೆಗೆದು ಹೆಸರು ಓದಿದರು. ನನ್ನ ಹತ್ತಿರ ಸಿದ್ಧಾಂತ ಇತ್ತು, ಅವರ ಹತ್ತಿರ ಹೆಸರುಗಳಿದ್ದವು. ಮೀಟಿಂಗಿನ ದನಿ ಬದಲಾಯಿತು. ಎಲ್ಲ ಬಗೆಹರಿಯಿತು ಅಂತ ಹೇಳುವುದಿಲ್ಲ. ಆದರೆ ಮರಳಿ ಬಂದವರಿಗೆ ಬೇರೆ ತರಗತಿ ಮಾಡಿ ಹಾಜರಾತಿ ತುಂಬಿಸುವ ದಾರಿ ಸಿಕ್ಕಿತು. ಆ ತರಗತಿಗಳನ್ನು ನಾವಿಬ್ಬರೇ ತೆಗೆದುಕೊಂಡೆವು ಅನ್ನುವುದೂ ನಿಜ.

ಮೀಟಿಂಗ್ ಮುಗಿದ ಮೇಲೆ ಕಾರಿಡಾರಿನಲ್ಲಿ ಮೂರ್ನಾಲ್ಕು ಜನ ಬಂದು, "ಮೇಡಮ್, ನೀವು ಹೇಳಿದ್ದು ಖರೇ ಅದರಿ" ಅಂತ ಮೆಲ್ಲಗೆ ಹೇಳಿದರು. ಒಳ್ಳೆಯ ಜನರೇ. ಅವರ ಮೇಲೆ ನನಗೆ ಬೇಸರವೂ ಇಲ್ಲ. ಆದರೆ ನಾನು ಬೆಂಬಲಿಗರು ಅಂತ ಲೆಕ್ಕ ಹಿಡಿಯುವುದು ಮೀಟಿಂಗಿನ ಒಳಗೆ ಮಾತಾಡಿದವರನ್ನು. ಕಾರಿಡಾರಿನವರು ಸ್ನೇಹಿತರು. ಈ ಎರಡನ್ನೂ ಕಲಸಿಕೊಂಡರೆ ನಾಳೆ ನಿಮಗೇ ನಿರಾಸೆ.

ನಮ್ಮ ಶಾಸ್ತ್ರದ ಚರಿತ್ರೆಯಲ್ಲೂ ಈ ಲೆಕ್ಕ ಕಾಣುತ್ತದೆ. ಅಂಬೇಡ್ಕರ್ ಅವರನ್ನು ತೆಗೆದುಕೊಳ್ಳಿ. 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರಜ್ಞ ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಜಾತಿಯೊಳಗೇ ಮದುವೆ ಅನ್ನುವ ಕಟ್ಟಳೆಯೇ ಜಾತಿಯ ಬೇರು ಅಂತ ಅಲ್ಲಿ ವಾದ ಮಾಡಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ, ಇಲ್ಲಿ ಕೂತ ಕೆಲವರಿಗಿಂತ ಚಿಕ್ಕವರು. ಎರಡು ವರ್ಷ ಬಿಟ್ಟು, 1918ರಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಪಾಠ ಎಷ್ಟು ಚೆನ್ನಾಗಿತ್ತೆಂದರೆ ಬೇರೆ ಕಾಲೇಜಿನ ಹುಡುಗರೂ ಬಂದು ಕೂರುತ್ತಿದ್ದರು. ಆದರೆ ಪ್ರೊಫೆಸರುಗಳಿಗೆಂದು ಇಟ್ಟಿದ್ದ ನೀರಿನ ಪಾತ್ರೆಯಿಂದ ಇವರು ನೀರು ಕುಡಿಯುವುದಕ್ಕೆ ಸಹೋದ್ಯೋಗಿಗಳೇ ತಕರಾರು ತೆಗೆದರು. ಸ್ಟಾಫ್‌ರೂಮಿನಲ್ಲಿ ಕೂತು ಚಹಾ ಕುಡಿಯುವಾಗ ನೆನಪಿಟ್ಟುಕೊಳ್ಳಬೇಕಾದ ಘಟನೆ ಇದು.

ಹಾಗಾದರೆ ಅವರ ಬೆನ್ನಿಗೆ ನಿಂತವರು ಯಾರು? ಕಾಲೇಜಿನ ಹೊರಗಿನವರು. ನಮ್ಮ ನಿಪ್ಪಾಣಿಯ ಪಕ್ಕದ ಕೊಲ್ಹಾಪುರದ ಶಾಹು ಮಹಾರಾಜರು ಅಂಬೇಡ್ಕರ್ ಅವರ 'ಮೂಕನಾಯಕ' ಪತ್ರಿಕೆಗೆ ಹಣದ ನೆರವು ಕೊಟ್ಟರು. 1920ರ ಮಾರ್ಚಿನಲ್ಲಿ ಮಾಣಗಾವಿನ ಸಮ್ಮೇಳನದಲ್ಲಿ ಎಲ್ಲರ ಮುಂದೆ, ಇವರೇ ನಿಮ್ಮ ನಾಯಕರು ಅಂತ ಹೇಳಿದರು. ಅದೇ ವರ್ಷ ಅಂಬೇಡ್ಕರ್ ಓದು ಮುಗಿಸಲು ಲಂಡನ್ನಿಗೆ ಮತ್ತೆ ಹೊರಟಾಗ, ಕೊಲಂಬಿಯಾ ದಿನಗಳ ಗೆಳೆಯ ನವಲ್ ಭಥೇನಾ ಸಾಲ ಕೊಟ್ಟರು. ಒಬ್ಬ ರಾಜ, ಒಬ್ಬ ಪಾರ್ಸಿ ಗೆಳೆಯ. ಪಕ್ಕದ ಕುರ್ಚಿಯ ಪ್ರೊಫೆಸರುಗಳಲ್ಲಿ ಒಬ್ಬರೂ ಇಲ್ಲ.

ಇನ್ನೊಂದು ಉದಾಹರಣೆ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರದು. 1948ರಲ್ಲಿ ಮೈಸೂರು ಕಡೆಯ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದರು. ಆ ಹಳ್ಳಿಗೆ ರಾಂಪುರ ಅಂತ ಹೆಸರಿಟ್ಟರು. ವರ್ಷಗಟ್ಟಲೆ ಕೂತು ಟಿಪ್ಪಣಿಗಳನ್ನು ಒಪ್ಪಮಾಡಿದರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೋಣೆಯಿದ್ದ ಕಟ್ಟಡಕ್ಕೆ ಯಾರೋ ಬೆಂಕಿ ಹಚ್ಚಿದರು. ಒಪ್ಪಮಾಡಿದ ಟಿಪ್ಪಣಿಗಳ ಪ್ರತಿಗಳೆಲ್ಲ ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಇದನ್ನು ಎಲ್ಲರೂ ನೆನಪಿನ ಶಕ್ತಿಯ ಕಥೆಯಾಗಿ ಹೇಳುತ್ತಾರೆ. ನನ್ನ ಗಮನ ಬೇರೆ ಕಡೆ. ಬೆಂಕಿ ಬಿದ್ದ ಮೇಲೆ ಸಾಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞ, ನೆನಪಿನಲ್ಲಿ ಉಳಿದದ್ದನ್ನೇ ಬರೆಯಿರಿ ಅಂತ ಶ್ರೀನಿವಾಸರಿಗೆ ಒತ್ತಾಯ ಮಾಡಿದರು. ಅಯ್ಯೋ ಪಾಪ ಅನ್ನುವವರು ಆ ದಿನ ಬಹಳ ಜನ ಇದ್ದಿರಬೇಕು. ಟ್ಯಾಕ್ಸ್ ಮಾಡಲು ಒಂದು ಕೆಲಸ ಕೊಟ್ಟರು.

ದುರ್ಖೈಮ್ ತಂಡದಲ್ಲೂ ಅಂಥ ಒಬ್ಬರಿದ್ದರು, ಸೋದರಳಿಯ ಮಾರ್ಸೆಲ್ ಮಾಸ್. ಮೊದಲ ಮಹಾಯುದ್ಧದಲ್ಲಿ ತಂಡದ ತರುಣರು ಸತ್ತರು, 1917ರಲ್ಲಿ ದುರ್ಖೈಮ್ ತೀರಿಕೊಂಡರು. ಮಾಸ್ ತಮ್ಮ ಬರವಣಿಗೆ ಬದಿಗಿಟ್ಟು ಸತ್ತವರ ಹಸ್ತಪ್ರತಿಗಳನ್ನು ತಿದ್ದಿ ಅಚ್ಚು ಹಾಕಿಸಿದರು. ನಮ್ಮ ನೋಟ್ಸಿನಲ್ಲಿ ಮಾತ್ರ ಅವರಿಗೆ ಅರ್ಧ ಪುಟ.

ನಮ್ಮ ಮಟ್ಟದಲ್ಲಿ ಏನು ಮಾಡಬಹುದು? ಬಹಳ ಜನ ಇಲ್ಲಿ ಅಪ್-ಡೌನ್ ಮಾಡುವವರು. ಬೆಳಗಿನ ಬಸ್ಸಿನಲ್ಲಿ ವಿಜಯಪುರದಿಂದ ತಾಲ್ಲೂಕಿಗೆ, ಸಂಜೆ ವಾಪಸ್ಸು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅದೇ ಬಸ್ಸಿನಲ್ಲಿ ನಮ್ಮ ವಿದ್ಯಾರ್ಥಿನಿಯರೂ ಇನ್ನೂ ಜಾಸ್ತಿ ಕಾಣುತ್ತಾರೆ. ಸೀಟು ಸಿಗುವುದಿಲ್ಲ ಅಂತ ಗೊಣಗುವುದು ಇದ್ದದ್ದೇ, ನಾನೂ ಗೊಣಗಿದ್ದೇನೆ. ಆದರೆ ನನ್ನ ಕೊನೆಯ ವರ್ಷಗಳಲ್ಲಿ ನನಗೆ ಸಿಕ್ಕ ಗಟ್ಟಿ ಜೊತೆಗಾರ್ತಿ ಬಸ್ಸಿನಲ್ಲೇ ಪರಿಚಯವಾದ ಇನ್ನೊಂದು ಕಾಲೇಜಿನ ಕನ್ನಡ ಅಧ್ಯಾಪಕಿ. ಅವರು ವಚನ ಕಲಿಸುತ್ತಿದ್ದರು, ನಾನು ಸ್ತರವಿನ್ಯಾಸ, ಅಂದರೆ ಸಮಾಜದ ಮೇಲು-ಕೀಳಿನ ಏರ್ಪಾಡು. ಬಸವನ ಬಾಗೇವಾಡಿ, ಕೂಡಲಸಂಗಮದ ಹೆಸರು ದಿನಾ ಕೇಳುವ ಮಕ್ಕಳಿಗೆ ಹನ್ನೆರಡನೇ ಶತಮಾನದ ಆ ಚಳವಳಿ ಜಾತಿಯನ್ನು ಹೇಗೆ ಪ್ರಶ್ನೆ ಮಾಡಿತು, ಆಮೇಲೆ ಜಾತಿ ಹೇಗೆ ಮರಳಿ ಒಳಗೆ ಬಂತು ಅಂತ ಹೇಳಲು ನಮಗೆ ಇಬ್ಬರೂ ಬೇಕಾಗಿತ್ತು. ಅವರ ಕ್ಲಾಸಿಗೆ ನಾನು ಹೋಗಿ ಮಾತಾಡಿದೆ, ನನ್ನ ಕ್ಲಾಸಿಗೆ ಅವರು ಬಂದರು. ಇಬ್ಬರು ಪ್ರಿನ್ಸಿಪಾಲರಿಗೂ ಇದರಿಂದ ಖರ್ಚಿಲ್ಲ, ಹಾಗಾಗಿ ಬೇಡ ಅನ್ನಲಿಲ್ಲ.

ಅಂತರ್ಜಾತಿ ಮದುವೆ, 1954ರ ವಿಶೇಷ ವಿವಾಹ ಕಾಯ್ದೆ ಕಲಿಸುವಾಗ ಒಬ್ಬ ಹುಡುಗಿಯ ಮನೆಯವರು ಕಾಲೇಜಿಗೆ ಬಂದರು. "ನಮ್ಮ ಹುಡುಗಿಗೆ ಏನ್ ಕಲಸ್ಲಿಕ್ಕೆ ಹತ್ತೀರಿ?" ಅಂತ. ಆಗ ಲೈಬ್ರರಿಯನ್ ಸರ್ ಏನೂ ವಾದ ಮಾಡಲಿಲ್ಲ. ವಿಶ್ವವಿದ್ಯಾಲಯದ ಸಿಲಬಸ್ ಪ್ರತಿ ತಂದು ಪ್ರಿನ್ಸಿಪಾಲರ ಮೇಜಿನ ಮೇಲೆ ಆ ಪುಟ ತೆರೆದಿಟ್ಟರು. ಮಾತು ನನ್ನ ಮೇಲಿಂದ ಸಿಲಬಸ್ ಮೇಲೆ ಹೋಯಿತು. ನಿಮ್ಮ ಡ್ರಾಯರಿನಲ್ಲಿ ಒಂದು ಪ್ರತಿ ಇರಲಿ. ಹಾಗೆ ತಂದಿಡುವ ಒಬ್ಬರು ಪಕ್ಕದ ಕೋಣೆಯಲ್ಲೂ ಇರಲಿ.

ಅತಿಥಿ ಉಪನ್ಯಾಸಕರು ಕೈ ಎತ್ತಿ ಅಂದಾಗ ಎಷ್ಟು ಕೈ ಮೇಲೆ ಬಂದವು ಅಂತ ಈಗ ನೀವೇ ನೋಡಿದಿರಿ. ಅವರಿಗೆ ಮೀಟಿಂಗಿನಲ್ಲಿ ಧೈರ್ಯವಾಗಿ ಮಾತಾಡಿ ಅಂತ ಬೋಧನೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲದವರು ಬಾಯಿ ಬಿಡುವುದು ಹೇಗೆ? ಕೆಲಸ ಕಾಯಂ ಆದವರು ಅವರ ಪರವಾಗಿ ಮಾತಾಡಬೇಕು. ವರ್ಕ್‌ಲೋಡ್ ಹಂಚುವಾಗ, ಸಂಬಳ ತಡವಾದಾಗ, ಹೆರಿಗೆಗೆ ಹೋದವರ ಜಾಗದ ಮಾತು ಬಂದಾಗ. ಮುಂದಿನ ಸಾಲಿನಲ್ಲಿ ಕೂತವರಿಗೆ ಹೇಳುತ್ತಿದ್ದೇನೆ. ಅವರು ಬರೆದ ಲೇಖನಕ್ಕೆ ನಿಮ್ಮ ಹೆಸರು ಸೇರಿಸುತ್ತೇನೆ, ಜರ್ನಲ್ಲಿನಲ್ಲಿ ಹಾಕಿಸುತ್ತೇನೆ ಅನ್ನುವುದನ್ನು ಬೆಂಬಲ ಅಂತ ಕರೆಯಬೇಡಿ. ಹೆಸರು ಸೇರಿಸದೆ ಒಮ್ಮೆ ಓದಿ, ಎಲ್ಲಿ ಸಡಿಲವಾಗಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಡಿ. ಅಷ್ಟು ಮಾಡುವವರೇ ನಮ್ಮಲ್ಲಿ ಕಡಿಮೆ.

ವಿದ್ಯಾರ್ಥಿಗಳು ನಮ್ಮ ಬೆಂಬಲಿಗರಾಗಬಹುದಾ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಓದಿನಲ್ಲಿ ಆಗಲಿ. ಸಿಬ್ಬಂದಿ ಜಗಳದಲ್ಲಿ ಬೇಡವೇ ಬೇಡ. ಅವರ ಇಂಟರ್ನಲ್ ಮಾರ್ಕ್ಸ್ ಇನ್ನೊಬ್ಬರ ಕೈಯಲ್ಲೂ ಇರುತ್ತದೆ.

ಇನ್ನೊಂದು ಚೀಟಿ: "ಮೇಡಮ್, ನಮ್ಮ ಕಾಲೇಜಿನಲ್ಲಿ ಅಂಥವರು ಒಬ್ಬರೂ ಇಲ್ಲದಿದ್ದರೆ?" ಇರಬಹುದು, ಅಂಥ ಕಾಲೇಜುಗಳನ್ನು ನಾನೂ ನೋಡಿದ್ದೇನೆ. ಆಗ ಹೊರಗೆ ಹುಡುಕಿ. ಈಗ ಊಟಕ್ಕೆ ಬಿಡುತ್ತಾರೆ. ನಿಮ್ಮ ತಾಲ್ಲೂಕಿನವರ ಪಕ್ಕ ಕೂರಬೇಡಿ, ಅವರು ಬಸ್ಸಿನಲ್ಲಿ ಹೇಗೂ ಸಿಗುತ್ತಾರೆ. ಬೇರೆ ಊರಿನ ಒಬ್ಬರ ಪಕ್ಕ ಕೂತು ಒಂದೇ ಪ್ರಶ್ನೆ ಕೇಳಿ: ಯಾವ ಪಾಠ ಕಲಿಸಲು ನಿಮಗೆ ಅಳುಕು? ಅವರ ಅಳುಕಿನ ಪಾಠ ನಿಮಗೆ ಸಲೀಸಾಗಿದ್ದರೆ, ನಿಮ್ಮದು ಅವರಿಗೆ ಸಲೀಸಾಗಿದ್ದರೆ, ರೊಟ್ಟಿ ಮುಗಿಯುವುದರೊಳಗೆ ತಾರೀಖು ಗೊತ್ತು ಮಾಡಿಕೊಳ್ಳಿ. ಪ್ರಿನ್ಸಿಪಾಲರಿಗೆ ಕೊಡಬೇಕಾದ ಪತ್ರದ ಮಾದರಿ ನನ್ನ ಹತ್ತಿರ ಇದೆ. ಅದರ ಝೆರಾಕ್ಸ್ ಪ್ರತಿಗಳನ್ನು ಬಾಗಿಲ ಹತ್ತಿರದ ಟೇಬಲ್ ಮೇಲೆ ಇಟ್ಟಿದ್ದೇನೆ.